ಹೊಲದ ಮೆಕ್ಕೆ, ಮನೆಯ ಮದ್ದು
(ಗಜೇಂದ್ರಗಡದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಜೋಳದ ಹೊಲದಲ್ಲಿ ಬಿತ್ತದೆಯೇ ಹಬ್ಬುವ ಮೆಕ್ಕೆಯೂ, ಪೇಟೆಯಿಂದ ಹಣ ಕೊಟ್ಟು ತರುವ ಕರಬೂಜವೂ ಒಂದೇ ಕುಲದ ಬಳ್ಳಿಗಳು. ಕರಬೂಜದ ತಿರುಳಿನಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು. ಬೇಸಿಗೆಯ ದಾಹಕ್ಕೆ, ಉರಿಮೂತ್ರಕ್ಕೆ ಹಿರಿಯರು ಇದನ್ನು ಕೊಡುತ್ತಿದ್ದುದು ಸುಮ್ಮನೆ ಅಲ್ಲ. ಕರಬೂಜ, ಕಲ್ಲಂಗಡಿ, ಸೌತೆ, ಕುಂಬಳ ಈ ನಾಲ್ಕರ ಬೀಜದ ತಿರುಳನ್ನು ಯುನಾನಿ ವೈದ್ಯರು 'ಚಾರ್ ಮಗಜ್' ಎಂದು ತಂಪಿಗೆ ಬಳಸುತ್ತಾರೆ. ಆದುದರಿಂದ ಬೀಜ ಚೆಲ್ಲಬೇಡಿರಿ. ತೊಳೆದು ಒಣಗಿಸಿ, ಸಿಪ್ಪೆ ಸುಲಿದು, ಅರೆದು ಹಾಲಿನಲ್ಲಿ ಕುಡಿಯಬಹುದು. ಉರಿಮೂತ್ರದ ಜೊತೆ ಜ್ವರವೂ ಇದ್ದರೆ ಮಾತ್ರ ವೈದ್ಯರನ್ನೇ ಕಾಣಬೇಕು.

ಇನ್ನು ಮುಖ್ಯ ಮಾತು. ಬದುವಿನಲ್ಲಿ ಹಾವುಮೆಕ್ಕೆಯೂ ಹಬ್ಬುತ್ತದೆ. ಎಲೆ ಕಲ್ಲಂಗಡಿಯದರಂತೆ ಆಳವಾಗಿ ಸೀಳಿರುತ್ತದೆ. ಕಾಯಿ ದುಂಡಗೆ, ತಿರುಳು ತೀರ ಕಹಿ. ನಾಟಿ ವೈದ್ಯದಲ್ಲಿ ಇದು ಭೇದಿಯ ಮದ್ದು. ಅಳತೆ ತಪ್ಪಿದರೆ ರಕ್ತಭೇದಿ. ಮನೆಯಲ್ಲಿ ಪ್ರಯೋಗ ಬೇಡ.

ಮೆಕ್ಕೆಯ ಎಳೆಗಾಯಿಯೂ ಒಮ್ಮೊಮ್ಮೆ ಕಹಿ ಬರುತ್ತದೆ. ಪಲ್ಯಕ್ಕೆ ಹೆಚ್ಚುವ ಮುನ್ನ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿರಿ. ಕಹಿಯಿದ್ದರೆ ಉಗುಳಿ, ಕಾಯಿಯನ್ನು ಚೆಲ್ಲಿರಿ. ಕುದಿಸಿದರೂ ಆ ಕಹಿ ಹೋಗದು. ಕಹಿ ಸೋರೆಕಾಯಿ ರಸದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ 2012ರಲ್ಲಿ ಪ್ರಕಟವಾದ ವರದಿಯಲ್ಲಿ ಹೇಳಿದ್ದೂ ಇದನ್ನೇ: ಕಹಿಯಾದುದನ್ನು ಸೇವಿಸಬಾರದು, ಅದಕ್ಕೆ ಪ್ರತ್ಯೌಷಧವಿಲ್ಲ. ಯಾರಾದರೂ ತಿಂದು ವಾಂತಿ ಭೇದಿ ಹತ್ತಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ; ಉಳಿದ ಕಾಯಿಯನ್ನೂ ಜೊತೆಗೆ ಒಯ್ದು ತೋರಿಸಿರಿ.