ಉದ್ಯಾನದ ಬಾಗಿಲು ಯಾರಿಗಾಗಿ?

(ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೃಷ್ಣಾ ತೀರದ ಈ ಸೀಮೆಯಲ್ಲಿ ಬೆಂಗಳೂರಿನ ಉದ್ಯಾನಗಳ ವಾಹನ ನಿಲುಗಡೆಯ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಶಾಲೆಯ ಪ್ರವಾಸದ ಬಸ್ಸು ರಾತ್ರಿಯಿಡೀ ಓಡಿ ಲಾಲ್‌ಬಾಗಿನ ಬಳಿ ಮಕ್ಕಳನ್ನು ಇಳಿಸುತ್ತದೆ. ಆ ಮಕ್ಕಳು ಗೇಟಿನವರೆಗೆ ನೆರಳಿನಲ್ಲಿ ನಡೆಯುತ್ತಾರೋ, ಕಾರುಗಳ ಸಂದಿಯಲ್ಲಿ ನುಸುಳುತ್ತಾರೋ ಎಂಬುದನ್ನು ನಿರ್ಧರಿಸುವುದು ನಿಲುಗಡೆಯ ವ್ಯವಸ್ಥೆಯೇ. ನಗರದ ಉದ್ಯಾನದಲ್ಲಿ ತುಬಚಿಯ ಮಗುವಿಗೂ ಪಾಲಿದೆ.

ಮೊದಲು ಒಂದು ಲೆಕ್ಕ. ಕಾರೊಂದು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಒಳಬರುವ, ತಿರುಗುವ ದಾರಿ ಸೇರಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಂದರೆ ನೂರು ಕಾರುಗಳಿಗೆ ಸುಮಾರು 25 ಗುಂಟೆ. ಕಾರಿಗೆ ನಾಲ್ವರಂತೆ ಬಂದವರು ನಾನೂರು ಜನ. ಅಷ್ಟೇ ಜನರನ್ನು ಎಂಟು ಬಸ್ಸುಗಳು ತಂದು, ಇಳಿಸಿ, ಹಿಂದಿರುಗಬಲ್ಲವು. ಭೂಮಿಯ ಬೆಲೆ ಬಲ್ಲ ಒಕ್ಕಲುಮಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಷ್ಟವಾಗುವುದು ಜಾಗವೊಂದೇ ಅಲ್ಲ. ಕಬ್ಬಿನ ಟ್ರ್ಯಾಕ್ಟರ್ ಹೊರಳುವ ಹೊಲದ ಅಂಚಿನಲ್ಲಿ ಕರಿಮಣ್ಣು ಬಿಗಿದುಕೊಂಡು ಬೆಳೆ ಕುಗ್ಗುವುದನ್ನು ಇಲ್ಲಿನವರು ಕಂಡಿದ್ದಾರೆ. ಉದ್ಯಾನದ ಮರದ ಬುಡಕ್ಕೂ ಅದೇ ಗತಿ. ಬೇರುಗಳು ರೆಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ದಿನವೂ ವಾಹನ ನಿಂತರೆ ಮಣ್ಣಿನೊಳಗಿನ ಗಾಳಿಯ ಸಂದುಗಳು ಮುಚ್ಚಿ, ಮಳೆನೀರು ಇಂಗದೆ ಹರಿದುಹೋಗುತ್ತದೆ. ಮರ ಒಮ್ಮೆಲೇ ಸಾಯುವುದಿಲ್ಲ. ಹತ್ತು ವರ್ಷ ಸೊರಗಿ, ಒಂದು ಗಾಳಿಗೆ ಉರುಳಿದಾಗ ದೋಷ ಗಾಳಿಯ ಪಾಲಿಗೆ ಬರುತ್ತದೆ!

ಬೆಂಗಳೂರಿನ ಕಬ್ಬನ್ ಪಾರ್ಕು 1870ರಲ್ಲಿ ರೂಪುಗೊಂಡಿತು. 1927ರಿಂದ ಅದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಕುದುರೆಗಾಡಿಗಳ ಕಾಲದ ಅದರ ದಾರಿಗಳು ಕಾಲಕ್ರಮೇಣ ಮೋಟಾರುಗಳ ಅಡ್ಡದಾರಿಗಳಾದವು. ಅಲ್ಲಿ ಹಾಯುವ ಬಹುಪಾಲು ವಾಹನಗಳಿಗೆ ಉದ್ಯಾನದೊಂದಿಗೆ ಯಾವ ಸಂಬಂಧವೂ ಇಲ್ಲ. ಅದನ್ನೂ ಲಾಲ್‌ಬಾಗನ್ನೂ ಕಟ್ಟಡಗಳಿಂದ ಕಾಪಾಡಲು 1975ರಲ್ಲಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂದಿತು. ಆದರೆ ಕಟ್ಟಡವನ್ನು ತಡೆದ ಕಾಯ್ದೆ ವಾಹನಗಳ ಹೊಳೆಯನ್ನು ತಡೆಯಲಿಲ್ಲ. 2015ರಲ್ಲಿ ಭಾನುವಾರದ ಸಂಚಾರವನ್ನು ನಿಲ್ಲಿಸಿದಾಗ ಸುತ್ತಲಿನ ರಸ್ತೆಗಳು ಉಸಿರುಕಟ್ಟುತ್ತವೆ ಎಂದು ಆಕ್ಷೇಪಿಸಿದವರಿದ್ದರು. ಆ ಟಾರು ರಸ್ತೆಯ ಮೇಲೆ ಮಕ್ಕಳು ಸೈಕಲ್ ಕಲಿತರು. ಮರುವರ್ಷ, 2016ರಲ್ಲಿ, ಪಕ್ಕದಲ್ಲಿಯೇ ಮೆಟ್ರೋ ನಿಲ್ದಾಣ ತೆರೆಯಿತು. ಇಷ್ಟಾದರೂ ಶನಿವಾರಗಳ ಹಗ್ಗಜಗ್ಗಾಟ ನಡೆದೇ ಇದೆ.

ಲಾಲ್‌ಬಾಗಿನ ಕಥೆ ಇನ್ನೂ ಕಠಿಣ. ಹೈದರಾಲಿಯ ಕಾಲದಲ್ಲಿ ಆರಂಭವಾಗಿ 240 ಎಕರೆಗೆ ಬೆಳೆದ ತೋಟವದು. ಮುನ್ನೂರು ಕೋಟಿ ವರ್ಷ ಮೀರಿದ ಬಂಡೆಯೂ ಅದರೊಳಗಿದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಸುತ್ತಲ ರಸ್ತೆಗಳಲ್ಲಿ ನಿಲುಗಡೆ ನಿಷೇಧಿಸಿ, ಶಾಂತಿನಗರದ ಬಸ್ ನಿಲ್ದಾಣದಂಥ ಕಡೆ ವಾಹನ ಬಿಟ್ಟು ನಡೆದು ಬರುವಂತೆ ಮಾಡುತ್ತಾರೆ. ಆ ಹತ್ತು ದಿನ ಸಾಧ್ಯವಾಗುವುದು ಉಳಿದ ಭಾನುವಾರಗಳಲ್ಲಿ ಏಕೆ ಸಾಧ್ಯವಾಗದು? 2025ರಲ್ಲಂತೂ ಸುರಂಗ ರಸ್ತೆಗಾಗಿ ಲಾಲ್‌ಬಾಗಿನ ಆರು ಎಕರೆಯನ್ನೇ ಕೇಳುವ ಪ್ರಸ್ತಾಪ ಬಂದು, ನಾಗರಿಕರು ಬೀದಿಗಿಳಿಯಬೇಕಾಯಿತು.

ಮುದುಕರ, ಅಂಗವಿಕಲರ ಪಾಡೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಅವರ ವಾಹನಕ್ಕೆ ಗೇಟಿನ ಬಳಿಯೇ ಜಾಗ ಕಾದಿರಿಸಬೇಕು, ಒಳಗೆ ಬ್ಯಾಟರಿ ಗಾಡಿ ಇರಬೇಕು. ಆದರೆ ಅವರ ಹೆಸರಿನಲ್ಲಿ ಗಟ್ಟಿಮುಟ್ಟಾದವರ ಕಾರುಗಳು ನೆರಳು ಹಿಡಿಯಬಾರದು.

ನಗರದ ಉದ್ಯಾನದಲ್ಲಿ ಜಾಗ ಸಿಗದ ವಾಹನ ವಾರಾಂತ್ಯಕ್ಕೆ ಬೆಟ್ಟ ಹತ್ತುತ್ತದೆ. ಮಲೆನಾಡಿಗೆ ಈ ವಿಷಯ ತಾಗುವುದು ಇಲ್ಲಿಯೇ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಭಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಮುಂಗಡ ನೋಂದಣಿ ಬಂದಿತು: ಬೆಳಿಗ್ಗೆ 600, ಮಧ್ಯಾಹ್ನ 600 ವಾಹನ. ಊಟಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್. 2025ರ ಏಪ್ರಿಲ್‌ನಿಂದ ವಾರದ ದಿನಗಳಲ್ಲಿ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿ ಹಾಕಲಾಯಿತು. ಅಲ್ಲಿ ಸ್ಥಳೀಯರ ವಾಹನಕ್ಕೂ ಸರ್ಕಾರಿ ಬಸ್ಸಿಗೂ ವಿನಾಯಿತಿ ಇಟ್ಟದ್ದು ವಿವೇಕದ ಮಾತು. ಮಿತಿಯೊಂದನ್ನೇ ಹಾಕಿ ಬಸ್ಸು ಬಿಡದಿದ್ದರೆ, ಮೊಬೈಲಿನಲ್ಲಿ ಬೇಗ ಒತ್ತಬಲ್ಲವನಿಗೆ ಬೆಟ್ಟ, ಉಳಿದವರಿಗೆ ಬಾಗಿಲು ಎಂದಾಗುತ್ತದೆ.

ಇಂಥ ವ್ಯವಸ್ಥೆ ಈ ನಾಡಿಗೆ ಹೊಸದೇನಲ್ಲ. ಜಾತ್ರೆಗೆ ಹೋದವರು ಬಂಡಿಗಳನ್ನು ಊರ ಹೊರಗಿನ ಹೊಲದಲ್ಲಿ ಬಿಟ್ಟು, ಎತ್ತಿಗೆ ಮೇವು ಹಾಕಿ, ಗುಡಿಗೆ ನಡೆದೇ ಹೋಗುತ್ತಿದ್ದರು. ಗುಡಿಯ ಅಂಗಳದಲ್ಲಿ ಬಂಡಿ ಬಿಡಬೇಕೆಂದು ಯಾರೂ ಹಟ ಹಿಡಿಯಲಿಲ್ಲ.

ಹತ್ತಿರದ ಆಲಮಟ್ಟಿಯ ಉದ್ಯಾನಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ರೈಲು ನಿಲ್ದಾಣವಿದೆ, ಹೆದ್ದಾರಿ ಹತ್ತಿರವಿದೆ. ಜಲಾಶಯದಿಂದ ನೀರು ಬಿಡುವ ಮಳೆಗಾಲದ ರಜಾದಿನಗಳಲ್ಲಿ ವಾಹನಗಳನ್ನು ದೂರದಲ್ಲಿಯೇ ನಿಲ್ಲಿಸಿ ಬಸ್ಸಿನಲ್ಲಿ ಜನರನ್ನು ಕರೆತರಬಹುದು. ಶಿಕ್ಷಕ ಬಂಧುಗಳು ಮುಂದಿನ ಪ್ರವಾಸಕ್ಕೆ ಮೊದಲು ಉದ್ಯಾನದವರಿಗೆ ಪತ್ರ ಬರೆದು ಕೇಳಲಿ: ಬಸ್ಸು ಎಲ್ಲಿ ನಿಲ್ಲಬೇಕು, ಅಲ್ಲಿಂದ ಗೇಟಿಗೆ ಎಷ್ಟು ದೂರ, ದಾರಿಯಲ್ಲಿ ನೀರು ಮತ್ತು ಶೌಚಾಲಯ ಉಂಟೋ ಇಲ್ಲವೋ.