ಹೊಂದಿಕೊಂಡು ಹೋಗು ಎನ್ನುವುದು ಚಿಕಿತ್ಸೆಯಲ್ಲ

(ನೆಮ್ಮಾರಿನ ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಹೊಡೆತದ ಗಾಯ ಮಾಯುತ್ತದೆ. ಆದರೆ ತವರಿಗೆ ಬಂದು ವರ್ಷವಾದರೂ ಬಾಗಿಲು ಸದ್ದಾದರೆ ಎದೆ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಎಷ್ಟು ಸಲ ಕೈ ತೊಳೆದರೂ ಸಮಾಧಾನವಿಲ್ಲ. ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುತ್ತಾರೆ. ಇದು ಗಾಳಿಯಲ್ಲ, ನಮ್ಮ ತಪ್ಪೂ ಅಲ್ಲ. ಮನಸ್ಸಿನ ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ.

ಆ ಚಿಕಿತ್ಸೆಗಳಲ್ಲಿ ಮಾತೂ ಒಂದು. ಅನೇಕ ರೋಗಿಗಳ ಮೇಲೆ ಪರೀಕ್ಷಿಸಿ ಫಲ ಕಂಡ ಕ್ರಮ ಇದು. ತರಬೇತಾದವರು ಭಯದ ನೆನಪನ್ನು ಸುರಕ್ಷಿತ ಜಾಗದಲ್ಲಿ, ನಾವು ಒಪ್ಪಿದಷ್ಟೇ, ಸ್ವಲ್ಪಸ್ವಲ್ಪವಾಗಿ ಎದುರಿಸಲು ಕಲಿಸುತ್ತಾರೆ. ಗೀಳಿದ್ದವರು ಕೊಳೆಯೆಂದು ಹೆದರುವ ವಸ್ತುವನ್ನು ಮುಟ್ಟಿ, ಕೈ ತೊಳೆಯದೆ ಕೂರುತ್ತಾರೆ. ಹೀಗೆ ಮತ್ತೆಮತ್ತೆ ಮಾಡಿದಾಗ ಆತಂಕ ಇಳಿಯುತ್ತಾ ಬರುತ್ತದೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ.

ಆದರೆ ಪಂಚಾಯ್ತಿ ಕೂರಿಸಿ 'ಹೊಂದಿಕೊಂಡು ಹೋಗಮ್ಮ' ಎನ್ನುವುದು ಚಿಕಿತ್ಸೆಯಲ್ಲ, ದೌರ್ಜನ್ಯಕ್ಕೆ ಕೊಡುವ ಬೆಂಬಲ. ಹೊಡೆತ ನಡೆಯುತ್ತಲೇ ಇದ್ದರೆ ಅವಳ ಭಯ ಕಾಯಿಲೆಯಲ್ಲ, ಎಚ್ಚರಿಕೆ. ಅಲ್ಲಿ ಮೊದಲು ರಕ್ಷಣೆ ಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. 181 ಮಹಿಳಾ ಸಹಾಯವಾಣಿಯಿದೆ.

ಮನಸ್ಸಿನ ತೊಂದರೆಗೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಹೆಚ್ಚಿನ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಕೇಳಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆಗಳಿವೆ.

ಸಾಲ ಕೊಡುವಾಗ ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತೇವೆ. ಆಸ್ಪತ್ರೆಗೆ ಹೊರಟವಳ ಜೊತೆಗೂ ಒಬ್ಬರು ಬಸ್ಸು ಹತ್ತೋಣ. ಅವಳು ಹೇಳಿದ್ದು ಸಂಘದ ಹೊರಗೆ ಹೋಗದಿರಲಿ.