ಹಳೆಯ ಮನೆಯ ಮರಮುಟ್ಟು ಊರಿನಲ್ಲೇ ಉಳಿಯಲಿ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾರ್ಯಕ್ರಮ ಪಟ್ಟಿಯಲ್ಲಿ ‘ಹಳೆಯ ಸಾಮಗ್ರಿಗಳಿಂದ ಗೃಹಾಲಂಕಾರ’ ಎಂಬ ವಿಷಯವನ್ನು ಕಂಡು, ಕುಡಿಯುವ ನೀರು, ಚರಂಡಿ, ಬೀದಿದೀಪಗಳ ನಡುವೆ ಇದೆಲ್ಲಿಂದ ಬಂತೆಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆ ಅನುಮಾನ ಸಹಜವಾದದ್ದೇ. ಆದರೆ ನಾನು ಹೇಳಬಂದಿರುವುದು ಮುಖ್ಯವಾಗಿ ಆಸ್ತಿಯ ವಿಚಾರ. ವಸತಿ ಯೋಜನೆಯ ಫಲಾನುಭವಿಯೊಬ್ಬರು ಹಳೆಯ ಮನೆಯನ್ನು ಬಿಚ್ಚುವ ದಿನ ಆ ಕುಟುಂಬದ ಕೈಯಲ್ಲಿ ಎರಡು ಸೊತ್ತುಗಳಿರುತ್ತವೆ. ಒಂದು ಮಂಜೂರಾತಿ ಆದೇಶ. ಮತ್ತೊಂದು ಬಿಚ್ಚಿದ ಮನೆಯ ಮರಮುಟ್ಟು. ಮೊದಲನೆಯದಕ್ಕೆ ಕಡತವಿದೆ, ಛಾಯಾಚಿತ್ರವಿದೆ, ಕಂತುಗಳಿವೆ, ನಮ್ಮೆಲ್ಲರ ಮೇಲ್ವಿಚಾರಣೆಯಿದೆ. ಎರಡನೆಯದನ್ನು ಕೇಳುವವರೇ ಇಲ್ಲ. ಬೆಳಿಗ್ಗೆ ಬಿಚ್ಚಿದ ಬಾಗಿಲು ಸಂಜೆಯೊಳಗೆ ಲಾರಿ ಏರಿರುತ್ತದೆ.

ಆ ಲಾರಿ ಎಲ್ಲಿಗೆ ಹೋಗುತ್ತದೆ ಎಂಬುದು ತಮಗೂ ತಿಳಿದದ್ದೇ. ಒಟ್ಟು ರಾಶಿಗೆ ಇಷ್ಟೆಂದು ಮಾತನಾಡಿ ಕೊಂಡ ಕಂಬ, ಬಾಗಿಲುವಾಡ, ಸರಳಿನ ಕಿಟಕಿಗಳು ನಗರದ ಹಳೇ ಮರದ ಮಳಿಗೆಗಳಲ್ಲಿ ಎಣ್ಣೆ ಹಚ್ಚಿಸಿಕೊಂಡು ಒಂದೊಂದಾಗಿ ಮಾರಾಟವಾಗುತ್ತವೆ. ರೆಸಾರ್ಟುಗಳೂ ಹೋಟೆಲುಗಳೂ ಅವನ್ನು ಗ್ರಾಮೀಣ ಶೈಲಿ ಎಂದು ಹೆಮ್ಮೆಯಿಂದ ನಿಲ್ಲಿಸಿಕೊಳ್ಳುತ್ತವೆ. ಅದೇ ಹೊತ್ತಿಗೆ ಅದನ್ನು ಮಾರಿದ ಕುಟುಂಬವು ಹೊಸ ಮನೆಗೆ ಅಗ್ಗದ ಪ್ಲೈವುಡ್ ಬಾಗಿಲನ್ನು ತಂದಿರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಪದರ ಬಿಚ್ಚಿಕೊಳ್ಳುತ್ತದೆ. ವ್ಯಾಪಾರಿಯ ಮೇಲೆ ನನಗೆ ಆಕ್ಷೇಪವಿಲ್ಲ. ಕೊಳ್ಳುವುದು ಅವನ ಕಸುಬು. ಬೆಲೆ ತಿಳಿಯದೆ ಮಾರುವ ಸ್ಥಿತಿಯನ್ನು ಮಾತ್ರ ನಾವು ಬದಲಿಸಬಲ್ಲೆವು.

ಹಳೆಯ ಮನೆ ಎಂದಾಗ ತೊಟ್ಟಿಮನೆಯನ್ನಷ್ಟೇ ನೆನೆಯುವ ಅಭ್ಯಾಸ ನಮಗಿದೆ. ನಡುವೆ ಬಾನಿಗೆ ತೆರೆದ ತೊಟ್ಟಿ, ಸುತ್ತ ಕೆತ್ತನೆಯ ಕಂಬಗಳು, ಮೇಲೆ ಅಟ್ಟ, ಹೊರಗೆ ಜಗಲಿ. ಆದರೆ ತೊಟ್ಟಿಮನೆ ಊರಿನ ಎಲ್ಲರಿಗೂ ಇರಲಿಲ್ಲ. ಬಹುಪಾಲು ಕುಟುಂಬಗಳದ್ದು ಮಣ್ಣಿನ ಗೋಡೆ, ನಾಡಹೆಂಚು, ನಾಲ್ಕಾರು ತೊಲೆಗಳ ಮನೆ. ಹೀಗಾಗಿ ಈ ವಿಚಾರಕ್ಕೆ ಎರಡು ಮುಖಗಳಿವೆ. ಸಣ್ಣ ಮನೆಯವರು ತಮ್ಮಲ್ಲಿರುವ ಅಲ್ಪಸ್ವಲ್ಪವನ್ನು ಕಳೆದುಕೊಳ್ಳಬಾರದು. ಬೀಗ ಬಿದ್ದು ಕುಸಿಯುತ್ತಿರುವ ದೊಡ್ಡ ಮನೆಯ ಮರ ಮಾರಾಟಕ್ಕೆ ಬಂದಾಗ ಅದನ್ನು ಕೊಳ್ಳುವ ಮೊದಲ ಅವಕಾಶ ಊರಿನವರಿಗೆ ಸಿಗಬೇಕು.

2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಕಪಿಲೆಯ ದಂಡೆಯವರು ಮರೆಯಲಾರರು. ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ಮುಳುಗಿತು. ಅಂಥ ನೆರೆಯಲ್ಲಿ ಮಣ್ಣಿನ ಗೋಡೆ ಕರಗುತ್ತದೆ, ಆದರೆ ಹೊನ್ನೆ, ಮತ್ತಿ, ಹಲಸು, ತೇಗದ ಮರ ಕೆಡುವುದಿಲ್ಲ. ನೀರು ಇಳಿದ ಮೇಲೆ ಅದನ್ನು ಕೆಸರಿನಿಂದ ತೆಗೆದು ತೊಳೆದು, ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ, ಪದರ ಪದರದ ನಡುವೆ ರೀಪು ಕೊಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಜೋಡಿಸಿದರೆ ಸಾಕು. ಬಿಸಿಲಿಗೆ ಹಾಕಿದರೆ ಸೀಳುತ್ತದೆ; ನೆಲದ ಮೇಲೆ ಬಿಟ್ಟರೆ ಗೆದ್ದಲು ತಿನ್ನುತ್ತದೆ. ಮಹಜರಿನಲ್ಲಿ ‘ಮನೆ ಪೂರ್ಣ ಹಾನಿ’ ಎಂದು ಬರೆದುಕೊಂಡ ಕೂಡಲೇ ಆ ಮರವೂ ಹೋಯಿತೆಂದು ಭಾವಿಸುವುದು ವಾಡಿಕೆ. ಪರಿಹಾರ ಬರುವವರೆಗೆ ಅದನ್ನು ಕಾಯಲು ಒಂದು ತಾತ್ಕಾಲಿಕ ಮಾಡು ಕೊಡುವುದು ಪಂಚಾಯಿತಿಯಿಂದ ಆಗದ ಕೆಲಸವಲ್ಲ.

ಬಿಚ್ಚಿದ ಮನೆ ಮತ್ತೆ ಎದ್ದು ನಿಲ್ಲುವುದುಂಟೇ ಎಂದು ಕೇಳುವವರಿಗೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ತೋರಿಸಬಹುದು. ವಿಜಯನಾಥ ಶೆಣೈ ಅವರು ಮೊದಲು ಕೆಡವಿದ ಮನೆಗಳ ಭಾಗಗಳಿಂದ ತಮ್ಮ ವಾಸದ ಮನೆಯನ್ನೇ ಕಟ್ಟಿಕೊಂಡರು. ಬಳಿಕ ಕುಂಜೂರು ಚೌಕಿಮನೆ, ಮುಧೋಳ ಅರಮನೆಯ ದರ್ಬಾರ್ ಸಭಾಂಗಣ ಮುಂತಾದ ಇಡೀ ಕಟ್ಟಡಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಅಂಥ ದೊಡ್ಡ ಕೆಲಸ ನಮ್ಮ ಅಳತೆಗೆ ಮೀರಿದ್ದು. ಆದರೆ ಅಂಥ ಕೆಲಸದ ಮೂಲ ವಿಧಾನ ನಮಗೂ ಬೇಕು: ಬಿಚ್ಚುವ ಮೊದಲು ಚಿತ್ರ ತೆಗೆಯುವುದು, ಪ್ರತಿಯೊಂದು ತುಂಡಿಗೂ ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಅಂಕಿ ಹಾಕುವುದು, ಕಟ್ಟಿದ ಕ್ರಮಕ್ಕೆ ವಿರುದ್ಧವಾಗಿ ಮೇಲಿನಿಂದ ಇಳಿಸುತ್ತ ಬರುವುದು. ಜೆಸಿಬಿ ಒಂದು ಗಂಟೆಯಲ್ಲಿ ಮುರಿಯುವ ಬಾಗಿಲುವಾಡವನ್ನು ಇಬ್ಬರು ಬಡಗಿಗಳು ಅರ್ಧ ದಿನದಲ್ಲಿ ಇಡಿಯಾಗಿ ಇಳಿಸಬಲ್ಲರು. ಅರ್ಧ ದಿನದ ಕೂಲಿಯನ್ನು ಖರ್ಚೆಂದು ಲೆಕ್ಕ ಹಾಕುವವರು ಬಾಗಿಲಿನ ಬೆಲೆಯನ್ನೂ ಪಕ್ಕದಲ್ಲಿ ಬರೆಯಲಿ.

ಇನ್ನು ಹೊಸ ಮನೆಯೊಳಗೆ ಬರೋಣ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ನಿಗದಿಯಾದ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಇಷ್ಟು ಜಾಗದಲ್ಲಿ ನೆಲ ತಿನ್ನುವ ಅಲಂಕಾರಕ್ಕೆ ಎಡೆಯಿಲ್ಲ. ಗೋಡೆಯೇ ನಮಗೆ ಉಳಿದ ಜಾಗ. ಹಳೆಯ ಮನೆಗಳ ಗೋಡೆಯಲ್ಲಿ ದೀಪದ ಗೂಡುಗಳಿದ್ದವು. ಹೊಸ ಗೋಡೆ ಎಬ್ಬಿಸುವಾಗಲೇ ಮೇಸ್ತ್ರಿಗೆ ಹೇಳಿ ಎರಡು ಗೂಡು ಬಿಡಿಸಿದರೆ ಬೀರುವಿನ ಕೊರತೆ ಅರ್ಧ ನೀಗುತ್ತದೆ. ಹಳೆಯ ಬಾಗಿಲುಗಳು ಸಾಮಾನ್ಯವಾಗಿ ಗಿಡ್ಡ. ಇಂದಿನ ತಲೆಬಾಗಿಲಿನ ಅಳತೆಗೆ ಹೊಂದುವುದಿಲ್ಲ. ಅವನ್ನು ಕತ್ತರಿಸದೆ, ಗೋಡೆಯ ಗೂಡಿಗೆ ಮುಚ್ಚಳವಾಗಿಯೋ ಅಡುಗೆಮನೆಗೂ ನಡುಮನೆಗೂ ನಡುವಿನ ಮರೆಯಾಗಿಯೋ ಬಳಸಬಹುದು. ಸರಳಿನ ಕಿಟಕಿಯ ಚೌಕಟ್ಟಿನ ಹಿಂದೆ ಹಲಗೆ ಬಡಿದರೆ ಮಕ್ಕಳ ಪುಸ್ತಕಗಳ ಕಪಾಟಾಗುತ್ತದೆ. ಮುರಿದ ತೊಲೆಯ ಗಟ್ಟಿ ಭಾಗ ಎರಡು ಅಡಿ ಉಳಿದಿದ್ದರೂ ಮಣೆಯಾಗುತ್ತದೆ. ಅಟ್ಟದ ಏಣಿಯನ್ನು ಗೋಡೆಗೆ ಅಡ್ಡಲಾಗಿ ಬಿಗಿದರೆ ಬಟ್ಟೆ ಹಾಕುವ ಗೂಟದ ಸಾಲು. ಒಡೆದ ನಾಡಹೆಂಚು ಹೂವಿನ ಪಾತಿಯ ಅಂಚಿಗೂ, ತಳ ಒಡೆದ ಧಾನ್ಯದ ವಾಡೆ ತುಳಸಿಗಿಡಕ್ಕೂ, ಸವೆದ ಒರಳುಕಲ್ಲು ಹಕ್ಕಿಗಳ ನೀರಿಗೂ ಒದಗುತ್ತದೆ. ಬಿದಿರಿನ ಕುಕ್ಕೆಯನ್ನು ದೀಪದ ಮೇಲೆ ಬೋರಲು ಹಾಕಿದಾಗ ಗೋಡೆಯ ಮೇಲೆ ಬೀಳುವ ನೆರಳಿನ ಹೆಣಿಗೆ ಬಲು ಸೊಗಸು. ಆದರೆ ಬಿಸಿಯಾಗದ ಎಲ್ಇಡಿ ಬಲ್ಬ್ ಮಾತ್ರ ಇರಲಿ. ಗೋಡೆಗೆ ಸುಣ್ಣ, ಕೆಳಗೆ ಮೂರಡಿ ಕೆಮ್ಮಣ್ಣಿನ ಪಟ್ಟಿ: ನಮ್ಮ ಅಜ್ಜಿಯರ ಈ ಬಣ್ಣಗಾರಿಕೆಗಿಂತ ಚೆಲುವಾದದ್ದನ್ನು ನಾನು ಯಾವ ಹೋಟೆಲಿನಲ್ಲೂ ಕಂಡಿಲ್ಲ.

ಹಳೆಯ ತೊಲೆ ಎಷ್ಟೇ ಗಟ್ಟಿಯಾಗಿ ಕಂಡರೂ ಅದರ ಮೇಲೆ ಕಾಂಕ್ರೀಟ್ ಛಾವಣಿಯ ಭಾರ ಹೊರಿಸುವ ನಿರ್ಧಾರವನ್ನು ಎಂಜಿನಿಯರ್ ನೋಡದೆ ಕೈಗೊಳ್ಳಬಾರದು. ಜಗಲಿಯ ಹೆಂಚಿನ ಮಾಡಿಗೆ ಕಂಬ ನಿಲ್ಲಿಸುವುದು ಬೇರೆ ಮಾತು.

ಮರವನ್ನು ಸಿದ್ಧಪಡಿಸುವ ಕೆಲಸದಲ್ಲಿ ಅವಸರ ಸಲ್ಲದು. ಮೊದಲು ಮೊಳೆಗಳನ್ನೆಲ್ಲ ಕೀಳಬೇಕು. ಸಣ್ಣ ತೂತುಗಳಿದ್ದರೆ ಮರವನ್ನು ಕಪ್ಪು ಬಟ್ಟೆಯ ಮೇಲೆ ಕೆಲವು ದಿನ ಇರಿಸಿ ನೋಡಿ. ಹೊಸ ಹಿಟ್ಟು ಉದುರಿದರೆ ಹುಳು ಇನ್ನೂ ಬದುಕಿದೆ, ಆ ತುಂಡನ್ನು ಮನೆಯೊಳಗೆ ತರಬಾರದು. ಅಗಸೆ ಎಣ್ಣೆ ಹಚ್ಚುವುದು ಒಳ್ಳೆಯದು, ಆದರೆ ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅದನ್ನು ಹರಡಿ ಒಣಗಿಸಿಯೇ ಎಸೆಯಬೇಕು. ಹಳೆಯ ಬಣ್ಣದ ವಿಚಾರ ಇನ್ನೂ ಗಂಭೀರವಾದದ್ದು. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಬಣ್ಣದ ಬಾಗಿಲನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ವಿಷ. ಬಣ್ಣ ಬಳಿದ ಹಳೆಯ ಮರವನ್ನು ಅಂಗನವಾಡಿಗೂ ಕೂಸಿನ ಮನೆಗೂ ಬಳಸಲೇಬೇಡಿ. ಬಣ್ಣ ಕಾಣದ, ಎಣ್ಣೆಯಷ್ಟೇ ಕುಡಿದ ಮರ ಬೇಕಾದಷ್ಟಿದೆ.

ಇದೇ ಎಚ್ಚರ ಬೇರೆ ಕೆಲವು ವಸ್ತುಗಳಿಗೂ ಬೇಕು. ಕೀಟನಾಶಕದ ಡಬ್ಬಿ ತೊಳೆದರೂ ಹೂಕುಂಡವಲ್ಲ, ನೀರಿನ ಪಾತ್ರೆಯಂತೂ ಅಲ್ಲವೇ ಅಲ್ಲ. ಕಲ್ನಾರಿನ ಶೀಟನ್ನು ಕೊಯ್ಯಬಾರದು, ಒಡೆಯಬಾರದು. ಕೈಗಾರಿಕಾ ಪ್ರದೇಶದಿಂದ ಬರುವ ಮರದ ಪ್ಯಾಲೆಟ್‌ಗಳ ಮೇಲೆ ಒತ್ತಿದ ಮುದ್ರೆಯನ್ನು ಓದಿ: ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ಬೆಂಚು ಮಾಡಬಹುದು, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಮನೆಗೆ ಬೇಡ.

ನಮ್ಮ ಈ ಎರಡು ತಾಲ್ಲೂಕುಗಳಲ್ಲಿ ವಿಶೇಷವಾಗಿ ಹೇಳಲೇಬೇಕಾದ ಮಾತೊಂದಿದೆ. ಸೋಮನಾಥಪುರ, ತಲಕಾಡು ಇರುವ ನೆಲವಿದು. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 3ನೇ ಸಂಪುಟದಲ್ಲಿ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿವೆ. ಹಳೆಯ ಮನೆಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಚಪ್ಪಡಿಯಾಗಿ ಮಲಗಿರುವ ಕಲ್ಲಿನ ಕೆಳಬದಿಯಲ್ಲಿ ಅಕ್ಷರ ಇರಬಹುದು. ಮಗುಚಿ ನೋಡದೆ ಒಡೆಯಬೇಡಿ. ವೀರಗಲ್ಲು, ಮಾಸ್ತಿಕಲ್ಲು, ಭಗ್ನ ವಿಗ್ರಹಗಳು ತೋಟದ ಅಲಂಕಾರದ ಸಾಮಗ್ರಿಗಳಲ್ಲ. ನೂರು ವರ್ಷ ಮೀರಿದ ಶಿಲ್ಪ, ಶಾಸನಗಳೂ 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ 1972ರ ಕಾಯಿದೆಯಂತೆ ಪುರಾವಸ್ತುಗಳು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ತಾಳೆಗರಿಯ ಕಟ್ಟು ಸಿಕ್ಕರೆ ಅದನ್ನು ಬೆಂಕಿಗೂ ಗುಜರಿಗೂ ಹಾಕದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತಿಳಿಸಿ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿ ಬಂದು ಸೇರಿದ್ದ ಇಂಥದೇ ಒಂದು ತಾಳೆಗರಿಯ ಕಟ್ಟಿನಲ್ಲಿ.

ಇಷ್ಟೆಲ್ಲ ಕೇಳಿದ ಮೇಲೂ ಒಂದು ಮಾತು ನಮ್ಮ ದಾರಿಗೆ ಅಡ್ಡ ನಿಲ್ಲುತ್ತದೆ: ‘ಹಳೆಯದರಲ್ಲೇ ಇರಬೇಕೆ ನಾವು?’ ಎಂಬ ಪ್ರಶ್ನೆ. ತಲೆಮಾರುಗಳ ಕಾಲ ಬೇರೆಯವರು ಬಿಟ್ಟದ್ದನ್ನೇ ಉಡಬೇಕಾಗಿ, ಉಣ್ಣಬೇಕಾಗಿ ಬಂದ ಮನೆಯವರು ಈ ಪ್ರಶ್ನೆ ಕೇಳಿದರೆ ಅದಕ್ಕೆ ಉಪದೇಶದ ಉತ್ತರ ಸಲ್ಲದು. ಅವರಿಗೆ ಹೊಸ ಬಾಗಿಲೇ ಬೇಕಿದ್ದರೆ ಹೊಸದೇ ಆಗಲಿ. ಆಗ ಹಳೆಯದಕ್ಕೆ ತಕ್ಕ ಬೆಲೆ ಕೊಡಿಸುವುದಷ್ಟೇ ನಮ್ಮ ಕೆಲಸ. ಈ ಶೈಲಿಗೆ ಗೌರವ ಬರಬೇಕಾದರೆ ಅದು ಮೊದಲು ಕಾಣಿಸಿಕೊಳ್ಳಬೇಕಾದದ್ದು ಬಡವರ ಮನೆಯಲ್ಲಲ್ಲ, ಪಂಚಾಯಿತಿ ಕಚೇರಿಯಲ್ಲಿ, ಅರಿವು ಕೇಂದ್ರದಲ್ಲಿ. ಅಧ್ಯಕ್ಷರ ಕೊಠಡಿಯ ಮೇಜು ಊರಿನ ಹಳೆಯ ಬಾಗಿಲಿನದ್ದಾಗಲಿ, ಆಮೇಲೆ ಬೇರೆಯವರಿಗೆ ಹೇಳೋಣ.

ಮುಂದಿನ ಸಾಮಾನ್ಯ ಸಭೆಯಲ್ಲಿ ತಾವು ಚರ್ಚಿಸಬಹುದಾದ ಕ್ರಮಗಳು ದುಬಾರಿಯವಲ್ಲ. ಮನೆ ಮಂಜೂರಾದಾಗ ಆ ವಾರ್ಡಿನ ಸದಸ್ಯರು ಊರಿನ ಬಡಗಿಯೊಬ್ಬರೊಡನೆ ಹೋಗಿ, ಯಾವ ಮರ, ಎಷ್ಟು ಅಳತೆ, ಇಂದು ನಡೆಯುವ ಬೆಲೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಕುಟುಂಬದ ಕೈಗೇ ಕೊಡುವುದು. ಮಾರಬೇಡಿ ಎನ್ನುವ ಅಧಿಕಾರ ನಮಗಿಲ್ಲ. ಬೆಲೆ ತಿಳಿಸುವ ಕರ್ತವ್ಯವಿದೆ. ಸ್ವಚ್ಛ ಸಂಕೀರ್ಣಕ್ಕೆ ಬರುವ ಒಣಕಸದಲ್ಲಿ ಮರಳಿ ಬಳಸಬಹುದಾದ ವಸ್ತುಗಳನ್ನು ಬೇರೆ ಇರಿಸಲು ಒಂದು ಮೂಲೆ ಮೀಸಲಿಟ್ಟರೆ, ಸಂಜೀವಿನಿ ಒಕ್ಕೂಟದ ಮಹಿಳೆಯರು ಹಳೆಯ ಸೀರೆಗಳಿಂದ ಕೌದಿ, ಬಾಳೆನಾರಿನಿಂದ ಚಾಪೆ ಮಾಡಿ ಮಾರಲು ಅದೇ ಮಳಿಗೆಯಾಗುತ್ತದೆ. ಹಳೆಯ ಶಾಲಾ ಕಟ್ಟಡದಂಥ ಸರ್ಕಾರಿ ಸ್ವತ್ತಿನ ಮರಮುಟ್ಟನ್ನು ಮಾತ್ರ ಲಿಖಿತ ಆದೇಶವಿಲ್ಲದೆ ಮುಟ್ಟಬೇಡಿ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ತೇಗ, ಬೀಟೆಯಂಥ ಮರವನ್ನು ಊರಿಂದ ಊರಿಗೆ ಸಾಗಿಸುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ.

ಹೊರಗಿನ ಪಡಸಾಲೆಯಲ್ಲಿ ಬಿಚ್ಚಿದ ಮನೆಯೊಂದರ ಕಿಟಕಿಯಿಂದ ಮಾಡಿದ ಪುಸ್ತಕದ ಕಪಾಟು, ತೊಲೆಯಿಂದ ಮಾಡಿದ ಬೆಂಚು, ಇನ್ನೂ ಕೈ ಹಚ್ಚದ ಒಂದು ಬಾಗಿಲುವಾಡ ಇರಿಸಿದ್ದೇವೆ. ಬಡಗಿಗಳಿಬ್ಬರು ಅಲ್ಲಿದ್ದಾರೆ. ಊಟದ ವಿರಾಮದಲ್ಲಿ ಆ ಬಾಗಿಲುವಾಡದ ಬೆಲೆ ಎಷ್ಟಿರಬಹುದೆಂದು ತಾವು ಒಂದೊಂದು ಚೀಟಿಯಲ್ಲಿ ಬರೆದು ಅವರಿಗೆ ಕೊಡಬೇಕೆಂದು ಕೋರುತ್ತೇನೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಅವರ ಲೆಕ್ಕದೊಡನೆ ಅದನ್ನು ಹೋಲಿಸಿ ನೋಡೋಣ.